ಗುಮಾಸ್ತರ ಕೈನೋವನ್ನು ಮೊದಲು ಬರೆದಿಟ್ಟ ವೈದ್ಯ ಬರ್ನಾರ್ದಿನೊ ರಮಾಝಿನಿ

ತಿಂಗಳ ಕೊನೆಗೆ ಲೆಕ್ಕ ಕ್ಲೋಸ್ ಮಾಡುವ ಹೊತ್ತಿಗೆ ಬಲಗೈ ಮಣಿಕಟ್ಟು ಹಿಡಿದುಕೊಳ್ಳುವುದು, ಬೆರಳು ಜೋಮು ಹಿಡಿಯುವುದು, ರಾತ್ರಿ ಮಲಗಿದರೆ ಮೊಣಕೈವರೆಗೂ ಸೆಳೆತ. ಇದೆಲ್ಲಾ ಕಂಪ್ಯೂಟರ್ ಮತ್ತು ಮೌಸ್ ಬಂದ ಮೇಲೆ ಶುರುವಾದ ಕಾಯಿಲೆ ಅಂತ ಬಹಳ ಜನ ಅಂದುಕೊಂಡಿದ್ದಾರೆ. ಒಂದೇ ಚಲನೆಯನ್ನು ದಿನವಿಡೀ, ವರ್ಷಗಟ್ಟಲೆ ಮಾಡಿ ಸ್ನಾಯು, ಸ್ನಾಯುರಜ್ಜು, ನರಗಳಿಗೆ ಆಗುವ ಪೆಟ್ಟಿಗೆ ಈಗ ರಿಪಿಟಿಟಿವ್ ಸ್ಟ್ರೇನ್ ಇಂಜುರಿ, ಚುಟುಕಾಗಿ ಆರ್‌ಎಸ್‌ಐ ಅಂತ ಹೆಸರಿದೆ. ಆದರೆ ಈ ನೋವಿನ ವಿವರ 1713ರಷ್ಟು ಹಿಂದೆಯೇ ಅಚ್ಚಾಗಿತ್ತು. ಅದನ್ನು ಬರೆದವರು ಇಟಲಿಯ ಪಡುವಾ ನಗರದಲ್ಲಿದ್ದ, ಎಂಬತ್ತರ ಹತ್ತಿರ ಬಂದಿದ್ದ ಒಬ್ಬ ವೈದ್ಯ. ಹೆಸರು ಬರ್ನಾರ್ದಿನೊ ರಮಾಝಿನಿ. ವೈದ್ಯಕೀಯದಲ್ಲಿ ಕಾರ್ಮಿಕರ ಆರೋಗ್ಯ ಅನ್ನುವ ವಿಭಾಗ ಇವತ್ತು ಇದೆ ಅಂದರೆ ಅದರ ಪಿತಾಮಹ ಅಂತ ಕರೆಸಿಕೊಳ್ಳುವವರು ಅವರೇ.

ರಮಾಝಿನಿ ಹುಟ್ಟಿದ್ದು 1633ರಲ್ಲಿ, ಉತ್ತರ ಇಟಲಿಯ ಮೊಡೆನಾ ಪಟ್ಟಣದ ಹತ್ತಿರದ ಕಾರ್ಪಿ ಅನ್ನುವ ಸಣ್ಣ ಊರಿನಲ್ಲಿ. ಆಗ ಇಟಲಿ ಅಂತ ಒಂದು ದೇಶ ಇರಲಿಲ್ಲ. ಡ್ಯೂಕ್‌ಗಳ ಸಂಸ್ಥಾನಗಳು, ಪೋಪರ ಪ್ರಾಂತ್ಯಗಳು, ವೆನಿಸ್ ಗಣರಾಜ್ಯ ಹೀಗೆ ಹರಿದು ಹಂಚಿಹೋಗಿತ್ತು. ಪಾರ್ಮಾ ವಿಶ್ವವಿದ್ಯಾಲಯದಲ್ಲಿ ಮೊದಲು ತತ್ವಶಾಸ್ತ್ರ, ಆಮೇಲೆ ವೈದ್ಯಕೀಯ ಓದಿ 1659ರಲ್ಲಿ ಪದವಿ ಪಡೆದರು. ಹೆಚ್ಚಿನ ಅನುಭವಕ್ಕೆ ಅಂತ ರೋಮ್‌ಗೆ ಹೋದರು. ಅಲ್ಲಿಂದ ರೋಮ್‌ನ ಉತ್ತರಕ್ಕಿರುವ ಕನೀನೊ, ಮಾರ್ತಾ ಅನ್ನುವ ಊರುಗಳಲ್ಲಿ ವೈದ್ಯರ ಕೆಲಸ ಸಿಕ್ಕಿತು. ಅದು ಮಲೇರಿಯಾ ಪ್ರದೇಶ. ಕಾಯಿಲೆ ನೋಡಲು ಹೋದ ವೈದ್ಯರಿಗೇ ಜ್ವರ ಹಿಡಿಯಿತು. ಕೆಲಸ ಬಿಟ್ಟು, ಗುಣವಾಗಲಿ ಅಂತ ಹುಟ್ಟಿದ ಊರಿಗೆ ವಾಪಸ್ ಬರಬೇಕಾಯಿತು. ದುಡಿಯಲು ಹೋದ ಜಾಗವೇ ದೇಹ ಕೆಡಿಸಿ ಮನೆಗೆ ಕಳಿಸುವುದು ಏನು ಅಂತ ಅವರಿಗೆ ಪುಸ್ತಕ ಓದಿ ತಿಳಿಯಬೇಕಾಗಿರಲಿಲ್ಲ.

ಕಾರ್ಪಿಯಲ್ಲಿ ಕೆಲವು ವರ್ಷ ವೃತ್ತಿ ಮಾಡಿದ ಮೇಲೆ 1671ರಲ್ಲಿ ಮೊಡೆನಾಕ್ಕೆ ಬಂದರು. ಮಾತಿಗೆ ಮಾತು ಕೊಡುವ ಸ್ವಭಾವ ಅವರದ್ದು. ಬೇರೆ ವೈದ್ಯರ ಜೊತೆ ಪುಸ್ತಕಗಳ ಮೂಲಕವೇ ಜಗಳ ನಡೆದದ್ದುಂಟು. ಆದರೆ ಡ್ಯೂಕ್ ಎರಡನೇ ಫ್ರಾಂಚೆಸ್ಕೊ ಅವರಿಗೆ ಈ ವೈದ್ಯನ ಮೇಲೆ ವಿಶ್ವಾಸವಿತ್ತು. 1682ರಲ್ಲಿ ಮೊಡೆನಾ ವಿಶ್ವವಿದ್ಯಾಲಯದಲ್ಲಿ ವೈದ್ಯಕೀಯ ಸಿದ್ಧಾಂತದ ಪ್ರಾಧ್ಯಾಪಕ ಹುದ್ದೆ ಸಿಕ್ಕಿತು. ಮುಂದಿನ 18 ವರ್ಷ ಅಲ್ಲೇ. ಕುತೂಹಲ ಬಹಳ. ಮೊಡೆನಾದ ಬಾವಿಗಳಲ್ಲಿ ನೀರು ತಾನಾಗಿ ಉಕ್ಕುವುದೇಕೆ ಅಂತ 1691ರಲ್ಲಿ ಒಂದು ಪುಸ್ತಕ ಬರೆದರು. ಹಳ್ಳಿಗಳಲ್ಲಿ ಬಂದ ಸಾಂಕ್ರಾಮಿಕ ಜ್ವರಗಳ ಬಗ್ಗೆ ವರ್ಷದ ಲೆಕ್ಕದಲ್ಲಿ ವರದಿ ಬರೆದರು.

ಅವರ ಜೀವನದ ದಿಕ್ಕು ಬದಲಿಸಿದ್ದು ಮಾತ್ರ ಮನೆಯ ಪಾಯಿಖಾನೆ ಗುಂಡಿ.

ಮೊಡೆನಾ ಜನ ದಟ್ಟವಾಗಿ ವಾಸಿಸುತ್ತಿದ್ದ ಊರು. ಅಲ್ಲಿ ಪ್ರತಿ ಮನೆಯ ಮಲದ ಗುಂಡಿಯನ್ನು ಮೂರು ವರ್ಷಕ್ಕೊಮ್ಮೆ ಖಾಲಿ ಮಾಡಿಸುವ ಪದ್ಧತಿ. ರಮಾಝಿನಿ ಅವರ ಮನೆಗೂ ಸರದಿ ಬಂತು. ಗುಂಡಿಗೆ ಇಳಿದಿದ್ದ ಒಬ್ಬ ಕೆಲಸಗಾರ ಉಸಿರುಗಟ್ಟಿ ಓಡುವವನ ಹಾಗೆ ಅವಸರದಲ್ಲಿ ಕೆಲಸ ಮಾಡುತ್ತಿದ್ದ. ಅದನ್ನು ನೋಡಿ ಪ್ರಾಧ್ಯಾಪಕರಿಗೆ ಪಾಪ ಅನ್ನಿಸಿತು. ಇಷ್ಟು ಯಾಕೆ ಮೈ ದಣಿಸಿಕೊಳ್ಳುತ್ತೀಯ, ನಿಧಾನವಾಗಿ ಮಾಡಬಾರದೇ ಅಂತ ಕೇಳಿದರು. ಆತ ಗುಂಡಿಯೊಳಗಿಂದಲೇ ತಲೆ ಎತ್ತಿ ನೋಡಿದ. ಇಲ್ಲಿ ನಾಲ್ಕು ಗಂಟೆಗಿಂತ ಹೆಚ್ಚು ನಿಂತರೆ ಏನಾಗುತ್ತದೆ ಅಂತ ಇಳಿದವನಿಗೆ ಮಾತ್ರ ಗೊತ್ತು, ಕಣ್ಣೇ ಹೋಗುತ್ತದೆ ಅನ್ನುವ ಅರ್ಥದ ಉತ್ತರ ಕೊಟ್ಟ. ಆತ ಮೇಲೆ ಬಂದ ಮೇಲೆ ರಮಾಝಿನಿ ಅವನ ಕಣ್ಣು ಪರೀಕ್ಷಿಸಿದರು. ಕೆಂಪಾಗಿ, ಮಂಜಾಗಿ ಇದ್ದವು. ಇದಕ್ಕೆ ನೀವು ಏನು ಮದ್ದು ಮಾಡುತ್ತೀರಿ ಅಂತ ಕೇಳಿದರು. ಮನೆಗೆ ಹೋಗಿ ಕತ್ತಲೆ ಕೋಣೆಯಲ್ಲಿ ಮರುದಿನದವರೆಗೆ ಕೂತುಕೊಂಡು, ಬೆಚ್ಚಗಿನ ನೀರಿನಲ್ಲಿ ಆಗಾಗ ಕಣ್ಣು ತೊಳೆಯುವುದೊಂದೇ ಅವರಿಗೆ ಗೊತ್ತಿದ್ದ ಮದ್ದು. ಗಂಟಲು ಉರಿ, ಉಸಿರಾಟದ ತೊಂದರೆ, ತಲೆನೋವು ಇದೆಯೇ ಅಂದರೆ ಇಲ್ಲ. ಕಣ್ಣು ಮಾತ್ರ. ಆಮೇಲೆ ಊರಿನಲ್ಲಿ ಗಮನಿಸಿದಾಗ, ಇದೇ ಕೆಲಸ ಮಾಡಿ ಅರೆಗುರುಡರೋ ಪೂರ್ತಿ ಗುರುಡರೋ ಆಗಿ ಭಿಕ್ಷೆ ಬೇಡುತ್ತಿದ್ದವರು ಅವರ ಕಣ್ಣಿಗೆ ಬಿದ್ದರು. ಎಷ್ಟೋ ಸಲ ಅವರ ಪಕ್ಕದಲ್ಲೇ ನಡೆದುಹೋಗಿರಬಹುದು. ಮುಖಕ್ಕೆ ಪಾರದರ್ಶಕವಾದ ಪ್ರಾಣಿಯ ಮೂತ್ರಕೋಶದ ಚೀಲ ಕಟ್ಟಿಕೊಂಡು ಇಳಿಯಬೇಕು ಅಂತ ರಮಾಝಿನಿ ಸಲಹೆ ಕೊಟ್ಟರು. ಸೇಫ್ಟಿ ಗಾಗಲ್ಸ್ ಇಲ್ಲದ ಕಾಲದಲ್ಲಿ ಸಿಗಬಹುದಾಗಿದ್ದದ್ದು ಅಷ್ಟೇ.

ಇಲ್ಲಿಂದ ಮುಂದೆ ಅವರು ಕಮ್ಮಾರಸಾಲೆ, ಕುಂಬಾರರ ಮನೆ, ಬೇಕರಿ, ಮಗ್ಗದ ಮನೆ ಅಂತ ಸುತ್ತಲು ಶುರುಮಾಡಿದರು. ಆಗಿನ ಕಾಲದ ದೊಡ್ಡ ವೈದ್ಯರು ಅಂದರೆ ಅರಮನೆ, ಮಠ, ಶ್ರೀಮಂತರ ಬಂಗಲೆ. ಕೆಲಸಗಾರರ ಓಣಿಗೆ ಪ್ರಾಧ್ಯಾಪಕರು ಹೋಗುವುದು ಮರ್ಯಾದೆಯ ವಿಷಯವಾಗಿರಲಿಲ್ಲ. ರಮಾಝಿನಿ ತಮ್ಮ ಶಿಷ್ಯರಿಗೆ ಹೇಳಿದ್ದು ಬೇರೆ. ಬಡವನ ಮನೆಗೆ ಹೋದ ವೈದ್ಯ ನಿಂತ ಕಾಲಲ್ಲೇ ನಾಡಿ ಹಿಡಿದು ಓಡಬಾರದು, ಬಂಗಾರದ ಕುರ್ಚಿ ಇಲ್ಲದಿದ್ದರೆ ಮೂರು ಕಾಲಿನ ಸ್ಟೂಲಿನ ಮೇಲಾದರೂ ಕೂರಬೇಕು, ಸಮಾಧಾನದಿಂದ ವಿಚಾರಿಸಬೇಕು ಅನ್ನುವುದು ಅವರ ಪಾಠ. ರೋಗಿಯನ್ನು ಕೇಳಬೇಕಾದ ಪ್ರಶ್ನೆಗಳನ್ನು ಗ್ರೀಕ್ ವೈದ್ಯ ಹಿಪೊಕ್ರೇಟಿಸ್ ಕಾಲದಿಂದಲೂ ವೈದ್ಯರು ಕಲಿಯುತ್ತಿದ್ದರು. ಎಷ್ಟು ದಿನದಿಂದ ನೋವು, ಏನು ತಿಂದೆ, ಹೊಟ್ಟೆ ಸರಿ ಇದೆಯಾ ಇತ್ಯಾದಿ. ಆ ಪಟ್ಟಿಗೆ ರಮಾಝಿನಿ ಇನ್ನೊಂದು ಪ್ರಶ್ನೆ ಸೇರಿಸಿದರು: ನೀನು ಯಾವ ಕೆಲಸ ಮಾಡುತ್ತೀಯ? ಅಷ್ಟೇ. ಇವತ್ತೂ ಎಷ್ಟೋ ಕ್ಲಿನಿಕ್‌ಗಳಲ್ಲಿ ಈ ಪ್ರಶ್ನೆಗೆ ಸಮಯ ಇರುವುದಿಲ್ಲ. ಕೈನೋವು ಅಂದರೆ ಒಂದು ಮುಲಾಮು, ಐದು ಮಾತ್ರೆ. ಡಾಕ್ಟರ್ ಕೇಳದಿದ್ದರೂ ದಿನಕ್ಕೆ ಎಷ್ಟು ಗಂಟೆ ಡ್ರಿಲ್ ಹಿಡಿಯುತ್ತೇವೆ, ಎಷ್ಟು ಹೊತ್ತು ಬಿಲ್ಲಿಂಗ್ ಕೌಂಟರಿನಲ್ಲಿ ಸ್ಕ್ಯಾನ್ ಮಾಡುತ್ತೇವೆ ಅಂತ ರೋಗಿಯೇ ಬಾಯಿಬಿಟ್ಟು ಹೇಳಬೇಕಾಗುತ್ತದೆ.

ಹೀಗೆ ಕೂಡಿಟ್ಟ ವಿವರಗಳೆಲ್ಲಾ 1700ರಲ್ಲಿ ಮೊಡೆನಾದಲ್ಲಿ ಪುಸ್ತಕವಾಗಿ ಬಂತು. ಲ್ಯಾಟಿನ್ ಭಾಷೆಯಲ್ಲಿ ಹೆಸರು ದೆ ಮೊರ್ಬಿಸ್ ಆರ್ತಿಫಿಕುಮ್ ದಿಯಾತ್ರಿಬಾ, ಅಂದರೆ ಕುಶಲಕರ್ಮಿಗಳ ಕಾಯಿಲೆಗಳ ಬಗ್ಗೆ ಒಂದು ಪ್ರಬಂಧ. ಕಸುಬಿಗೊಂದು ಅಧ್ಯಾಯ. ಗಣಿ ಕೆಲಸದವರು, ಸೀಸದ ಬಣ್ಣ ಹಚ್ಚುವ ಕುಂಬಾರರು, ಕನ್ನಡಿಗೆ ಪಾದರಸ ಬಳಿಯುವವರು, ಸೂಲಗಿತ್ತಿಯರು, ದಾದಿಯರು, ಅಗಸಗಿತ್ತಿಯರು, ಹಮಾಲಿಗಳು, ರೈತರು, ಮೀನುಗಾರರು. ಓದುವುದೇ ಕೆಲಸವಾದ ಪಂಡಿತರನ್ನೂ ಬಿಟ್ಟಿಲ್ಲ.

ಈ ಪುಸ್ತಕದಲ್ಲಿ ಒಂದು ದೊಡ್ಡ ವಿಚಾರ ಇದೆ. ಕೆಲಸದಿಂದ ಬರುವ ಕಾಯಿಲೆಗೆ ಮುಖ್ಯವಾಗಿ ಎರಡು ಕಾರಣ ಅಂತ ರಮಾಝಿನಿ ಗುರುತಿಸಿದರು. ಒಂದು, ಮುಟ್ಟುವ, ಉಸಿರಾಡುವ ವಸ್ತುವಿನ ವಿಷ. ಇದು ಅರ್ಥವಾಗುವುದು ಸುಲಭ. ಸೀಸ, ಪಾದರಸ, ದೂಳು ಕೆಟ್ಟದ್ದು ಅಂತ ಅದಕ್ಕೆ ಮೊದಲೂ ಕೆಲವರು ಬರೆದಿದ್ದರು. ಇನ್ನೊಂದು, ದೇಹಕ್ಕೆ ಒಗ್ಗದ ಚಲನೆ ಮತ್ತು ಭಂಗಿ. ಅಂದರೆ ವಿಷ ಏನೂ ಇಲ್ಲ, ದೂಳಿಲ್ಲ, ಬೆಂಕಿ ಇಲ್ಲ, ಆದರೂ ಒಂದೇ ರೀತಿ ಕೂತು, ನಿಂತು, ಬಗ್ಗಿ, ಒಂದೇ ಕೈ ಆಡಿಸಿ ದೇಹ ನಿಧಾನವಾಗಿ ಕೆಡುತ್ತದೆ. ಈ ಎರಡನೇ ಮಾತನ್ನು ಅಷ್ಟು ಸ್ಪಷ್ಟವಾಗಿ ಹೇಳಿದ್ದೇ ಅವರ ಹೆಚ್ಚುಗಾರಿಕೆ.

ಬೇಕರಿ ಕೆಲಸದವರ ಕೈ ಊದಿಕೊಂಡು ದಪ್ಪವಾಗಿರುವುದನ್ನು ಅವರು ನೋಡಿದರು. ಹಿಟ್ಟು ನಾದಿ ನಾದಿ ಹಾಗಾಗಿತ್ತು, ನೋವೂ ಇತ್ತು. ಕಾಲು ಬಿಲ್ಲಿನ ಹಾಗೆ ಬಾಗಿದ್ದವರೂ ಇದ್ದರು. ನಿಂತೇ ಕೆಲಸ ಮಾಡುವವರ ಕಾಲಿನ ನರಗಳು ಗಂಟು ಕಟ್ಟುತ್ತಿದ್ದವು. ನಡೆಯುವವನಿಗಿಂತ ನಿಂತವನಿಗೆ ದಣಿವು ಹೆಚ್ಚು, ಯಾಕೆಂದರೆ ನಡೆಯುವಾಗ ಸ್ನಾಯುಗಳು ಸರದಿಯಲ್ಲಿ ಕೆಲಸ ಮಾಡುತ್ತವೆ, ನಿಂತಾಗ ಅವೇ ಸ್ನಾಯುಗಳು ಬಿಡುವಿಲ್ಲದೆ ಬಿಗಿಯಾಗಿರುತ್ತವೆ ಅಂತ ವಿವರಿಸಿದರು. ಆಗಾಗ ಕೂತೋ ಓಡಾಡಿಯೋ ಆ ಬಿಗಿ ಸಡಿಲಿಸಬೇಕು ಅನ್ನುವುದು ಸಲಹೆ. ಸೂಪರ್ ಮಾರ್ಕೆಟಿನ ಕ್ಯಾಷಿಯರ್, ಗೇಟಿನ ಸೆಕ್ಯುರಿಟಿ, ಹೋಟೆಲಿನ ಪರೋಟ ಮಾಸ್ಟರ್ ಇವರಿಗೆಲ್ಲಾ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕೂತು ಕೆಲಸ ಮಾಡುವ ದರ್ಜಿಗಳು, ಚಮ್ಮಾರರು ಬೆನ್ನು ಬಾಗಿ, ತಲೆ ತಗ್ಗಿ ಗೂನರ ಹಾಗೆ ಆಗುತ್ತಿದ್ದರು. ಅವರ ಸಂಘದ ಮೆರವಣಿಗೆ ಬೀದಿಯಲ್ಲಿ ಹೊರಟರೆ ನೋಡಿದವರಿಗೆ ನಗು ಬರುವಂತಿತ್ತಂತೆ. ಕೊನೇಪಕ್ಷ ರಜಾ ದಿನದಲ್ಲಿ ಮೈ ಆಡಿಸಿ, ಬಹಳ ದಿನ ಕೂತ ಕೇಡನ್ನು ಒಂದು ದಿನದಲ್ಲಿ ಸ್ವಲ್ಪ ಸರಿಮಾಡಿಕೊಳ್ಳಿ ಅಂತ ರಮಾಝಿನಿ ಅವರಿಗೆ ಹೇಳಿದರು. ವಾರದ ಒಂದೇ ರಜೆಯಲ್ಲಿ ಬಟ್ಟೆ ಒಗೆದು, ಅಡುಗೆ ಮಾಡಿ, ಊರಿಗೆ ವಿಡಿಯೊ ಕಾಲ್ ಮಾಡಿ ಮಲಗುವವರಿಗೆ ಇದು ಹೇಳಿದಷ್ಟು ಸುಲಭ ಅಲ್ಲ ಅನ್ನುವುದೂ ನಿಜ.

ಪುಸ್ತಕ ಬಂದ ವರ್ಷವೇ, ಅಂದರೆ 1700ರಲ್ಲಿ, ವೆನಿಸ್ ಗಣರಾಜ್ಯ ಅವರನ್ನು ಪಡುವಾ ವಿಶ್ವವಿದ್ಯಾಲಯಕ್ಕೆ ಕರೆಸಿಕೊಂಡಿತು. ಯುರೋಪಿನ ವೈದ್ಯ ವಿದ್ಯಾರ್ಥಿಗಳಿಗೆ ಪಡುವಾ ಅಂದರೆ ಬಹಳ ದೊಡ್ಡ ಹೆಸರು. ಆಗ ಅವರ ವಯಸ್ಸು ಅರವತ್ತಾರು ದಾಟಿತ್ತು. ಇವತ್ತಿನ ಲೆಕ್ಕದಲ್ಲಿ ರಿಟೈರ್ ಆಗಿ ಊರಿಗೆ ಹೋಗುವ ವಯಸ್ಸು. ಅವರು ಹೊಸ ಕೆಲಸ ಒಪ್ಪಿಕೊಂಡು ಹೋದರು. ಪುಸ್ತಕ ನಿಂತ ನೀರಾಗಲಿಲ್ಲ. 1705ರಲ್ಲಿ ಇಂಗ್ಲಿಷಿಗೆ ಬಂತು. ರಮಾಝಿನಿ ಮಾತ್ರ ಹೊಸ ಹೊಸ ಕಸುಬುಗಳನ್ನು ನೋಡುತ್ತಲೇ ಇದ್ದರು. 1713ರಲ್ಲಿ ಪಡುವಾದಲ್ಲಿ ಎರಡನೇ ಆವೃತ್ತಿ ತಂದಾಗ 12 ಅಧ್ಯಾಯ ಹೆಚ್ಚಾಗಿತ್ತು. ಮುದ್ರಣಾಲಯದವರು, ನೇಕಾರರು, ಬಡಗಿಗಳು, ಇಟ್ಟಿಗೆ ಮಾಡುವವರು, ಬಾವಿ ತೋಡುವವರು, ನಾವಿಕರು. ವೆನಿಸ್‌ನ ತಾಮ್ರದ ಪಾತ್ರೆ ಬಡಿಯುವವರು ಒಂದೇ ಕೇರಿಯಲ್ಲಿದ್ದರು, ದಿನವಿಡೀ ಸುತ್ತಿಗೆ ಸದ್ದಿಗೆ ಕಿವುಡರಾಗುತ್ತಿದ್ದರು. ಅದೂ ಈ ಆವೃತ್ತಿಯಲ್ಲೇ ಇದೆ.

ಈ ಹನ್ನೆರಡರಲ್ಲಿ ಒಂದು ಅಧ್ಯಾಯ ಗುಮಾಸ್ತರು ಮತ್ತು ನೋಟರಿಗಳ ಬಗ್ಗೆ. ವ್ಯಾಪಾರಿಗಳ ಲೆಕ್ಕ, ಸರ್ಕಾರದ ಪತ್ರ, ಕೋರ್ಟಿನ ದಾಖಲೆ ಎಲ್ಲವೂ ಕೈಬರಹದಲ್ಲಿ ನಡೆಯುತ್ತಿದ್ದ ಕಾಲ. ಬರೆಯುವುದೇ ಹೊಟ್ಟೆಪಾಡಾದ ಸಾವಿರಾರು ಜನ ಇದ್ದರು. ನೆರಳಲ್ಲಿ ಕೂತು ಮಾಡುವ ಕೆಲಸ, ಇವರಿಗೇನು ಕಷ್ಟ ಅಂತ ಹೊರಗಿನವರಿಗೆ ಅನ್ನಿಸುವುದು ಸಹಜ. ಸೈಟಿನಲ್ಲಿ ಬಿಸಿಲಿಗೆ ನಿಂತವನಿಗೆ ಏಸಿ ರೂಮಿನಲ್ಲಿ ಕೂತವನನ್ನು ನೋಡಿ ಅನ್ನಿಸುವ ಹಾಗೆ. ರಮಾಝಿನಿ ಹತ್ತಿರ ಹೋಗಿ ನೋಡಿದರು. ಇವರ ಕಾಯಿಲೆಗೆ ಮೂರು ಕಾರಣ ಕಂಡಿತು. ಎದ್ದೇಳದೆ ಕೂತಿರುವುದು ಒಂದು. ಕೈಯನ್ನು ಒಂದೇ ದಿಕ್ಕಿನಲ್ಲಿ ಎಡೆಬಿಡದೆ ಆಡಿಸುವುದು ಎರಡು. ಮೂರನೆಯದು ಅವರಿಗೆ ಹೊಳೆದದ್ದೇ ಆಶ್ಚರ್ಯ. ಕೂಡುವ ಕಳೆಯುವ ಲೆಕ್ಕದಲ್ಲಿ ಎಲ್ಲಿ ತಪ್ಪಾಗಿ ಧಣಿಗೆ ನಷ್ಟವಾಗುತ್ತದೋ ಅನ್ನುವ ಚಿಂತೆಯಲ್ಲಿ ಮನಸ್ಸು ಸದಾ ಬಿಗಿಯಾಗಿರುವುದು. ವರ್ಷಾಂತ್ಯದ ಆಡಿಟ್ ಸಮಯದಲ್ಲಿ ಭುಜ ಕಿವಿಯ ಹತ್ತಿರಕ್ಕೆ ಏರಿ ಅಲ್ಲೇ ನಿಂತುಬಿಡುವುದು ಲೆಕ್ಕ ಬರೆಯುವ ಪ್ರತಿಯೊಬ್ಬರಿಗೂ ಗೊತ್ತು. ಮನಸ್ಸು ಬಿಗಿಯಾದರೆ ಸ್ನಾಯು ಬಿಗಿಯಾಗುತ್ತದೆ, ಬಿಗಿಯಾದ ಸ್ನಾಯುವಿನಿಂದಲೇ ಅದೇ ಚಲನೆ ಮಾಡಿದರೆ ಪೆಟ್ಟು ಹೆಚ್ಚು. ಇವತ್ತಿನ ವೈದ್ಯರೂ ಈ ಮೂರನ್ನು ಒಪ್ಪುತ್ತಾರೆ. ಕೆಲಸದ ಒತ್ತಡವನ್ನು ಕೈನೋವಿನ ಕಾರಣಗಳ ಪಟ್ಟಿಯಲ್ಲೇ ಇಡುತ್ತಾರೆ.

ಪೆನ್ನು ಹಗುರ, ಎತ್ತುವುದು ಏನೂ ಇಲ್ಲ. ಆದರೂ ಕೈ ಯಾಕೆ ಸೋಲುತ್ತದೆ? ಪೆನ್ನು ಹಿಡಿದು ಓಡಿಸಲು ಬೆರಳು, ಮಣಿಕಟ್ಟು, ತೋಳಿನ ಸ್ನಾಯುಗಳು ಸದಾ ಎಳೆದುಕೊಂಡೇ ಇರಬೇಕು, ಸಡಿಲವಾಗಲು ಸಮಯವೇ ಇಲ್ಲ, ಕಾಲ ಕಳೆದಂತೆ ಬಲಗೈ ಶಕ್ತಿ ಕುಂದುತ್ತದೆ ಅಂತ ಅವರು ಬರೆದರು. ಭಾರ ಎತ್ತಿದರೆ ಮಾತ್ರ ದೇಹಕ್ಕೆ ಪೆಟ್ಟು ಅನ್ನುವ ತಿಳುವಳಿಕೆಯನ್ನೇ ಇದು ತಲೆಕೆಳಗು ಮಾಡಿತು.

ಅವರಿಗೆ ಪರಿಚಯದ ಒಬ್ಬ ನೋಟರಿ ಇದ್ದ. ಜೀವಮಾನವೆಲ್ಲಾ ಬರೆದೇ ದುಡಿದವನು, ಒಳ್ಳೆಯ ಸಂಪಾದನೆಯೂ ಇತ್ತು. ಮೊದಲು ಬಲತೋಳಿನಲ್ಲಿ ವಿಪರೀತ ದಣಿವು ಶುರುವಾಯಿತು. ಮದ್ದು ಮಾಡಿದ, ಕಡಿಮೆಯಾಗಲಿಲ್ಲ. ಕೊನೆಗೆ ಬಲಗೈ ಪೂರ್ತಿ ಸ್ವಾಧೀನ ತಪ್ಪಿತು. ಬರೆಯುವುದು ನಿಂತರೆ ಸಂಪಾದನೆ ನಿಂತ ಹಾಗೆ. ಹಾಗಾಗಿ ಆತ ಹಟ ಹಿಡಿದು ಎಡಗೈಯಲ್ಲಿ ಬರೆಯಲು ಕಲಿತ. ಸ್ವಲ್ಪ ಕಾಲದಲ್ಲಿ ಎಡಗೈಗೂ ಅದೇ ಗತಿ ಬಂತು. ಆ ನೋಟರಿಯ ಹೆಸರು ಪುಸ್ತಕದಲ್ಲಿಲ್ಲ. ಆದರೆ ಆರ್‌ಎಸ್‌ಐ ಚರಿತ್ರೆ ಬರೆಯುವವರೆಲ್ಲಾ ಆತನಿಂದಲೇ ಶುರು ಮಾಡುತ್ತಾರೆ. ಬಲಗೈ ನೋವಾದಾಗ ಮೌಸನ್ನು ಎಡಕ್ಕೆ ಇಟ್ಟುಕೊಂಡು ಅಷ್ಟೇ ಗಂಟೆ ಅಷ್ಟೇ ವೇಗದಲ್ಲಿ ಕೆಲಸ ಮುಂದುವರಿಸುವವರು ಈಗಲೂ ಇದ್ದಾರೆ. ಕೈ ಬದಲಾಯಿತು, ಕೆಲಸದ ರೀತಿ ಬದಲಾಗಲಿಲ್ಲ.

ರಮಾಝಿನಿ ಹೇಳಿದ ಪರಿಹಾರ ಸಾಧಾರಣದ್ದು. ಮಿತವಾದ ವ್ಯಾಯಾಮ, ಎಣ್ಣೆ ಹಚ್ಚಿ ತಿಕ್ಕುವುದು, ಇಂಥವು. ಅವರ ಎಲ್ಲ ವಿವರಣೆಗಳೂ ಇವತ್ತು ನಿಲ್ಲುವುದಿಲ್ಲ. ಆಗಿನ ವೈದ್ಯಶಾಸ್ತ್ರದ ಪ್ರಕಾರ ನರಗಳಲ್ಲಿ ಜೀವಚೈತನ್ಯ ಹರಿಯುತ್ತದೆ ಅಂತ ನಂಬಿದ್ದರು, ಅದರ ಮೇಲೆ ಕೆಲವು ಕಾರಣಗಳನ್ನು ಕಟ್ಟಿದರು. ಆದರೆ ಕಣ್ಣಿಂದ ಕಂಡದ್ದನ್ನು ಬರೆದ ಕಡೆ ತಪ್ಪು ಹುಡುಕುವುದು ಕಷ್ಟ.

ಕೊನೆಯ ವರ್ಷಗಳಲ್ಲಿ ಅವರ ಕಣ್ಣೇ ಹೋಗುತ್ತಾ ಬಂತು. ಓದಿ ಹೇಳಲು, ಹೇಳಿದ್ದನ್ನು ಬರೆದುಕೊಳ್ಳಲು ಮೊಮ್ಮಕ್ಕಳ ಸಹಾಯ ಬೇಕಾಯಿತು. ಹುದ್ದೆ ಬಿಡುತ್ತೇನೆ ಅಂದರೂ ವೆನಿಸ್ ಸರ್ಕಾರ ಬಿಡಲಿಲ್ಲ, ಬದಲಿಗೆ ಇನ್ನೂ ದೊಡ್ಡ ಹುದ್ದೆ ಕೊಟ್ಟು ಉಳಿಸಿಕೊಂಡಿತು. ಪಾಠ ಮಾಡುತ್ತಲೇ ಇದ್ದರು. 1714ರ ನವೆಂಬರ್ 5ರಂದು ಪಡುವಾದಲ್ಲಿ ಮಿದುಳಿನ ಆಘಾತದಿಂದ ತೀರಿಕೊಂಡರು.

ಅವರು ಹೋದ ಮೇಲೆ ಪುಸ್ತಕ ಬೇರೆ ಬೇರೆ ಕೈ ಸೇರಿತು. ಕಾಮರ್ಸ್ ಓದಿದವರೆಲ್ಲರಿಗೂ ಗೊತ್ತಿರುವ ಆಡಂ ಸ್ಮಿತ್, 1776ರ ತನ್ನ ವೆಲ್ತ್ ಆಫ್ ನೇಷನ್ಸ್ ಪುಸ್ತಕದಲ್ಲಿ ರಮಾಝಿನಿಯ ಹೆಸರು ಹೇಳುತ್ತಾನೆ. ಸಂದರ್ಭ ಗಮನಿಸಬೇಕು. ದಿನಗೂಲಿಯ ಬದಲು ಮಾಡಿದ ಕೆಲಸದ ಲೆಕ್ಕದಲ್ಲಿ ಕೂಲಿ ಸಿಕ್ಕರೆ ಕೆಲಸಗಾರರು ಮಿತಿ ಮೀರಿ ದುಡಿದು ಕೆಲವೇ ವರ್ಷಗಳಲ್ಲಿ ಮೈ ಕೆಡಿಸಿಕೊಳ್ಳುತ್ತಾರೆ ಅನ್ನುವ ಜಾಗದಲ್ಲಿ. ಲಂಡನ್ನಿನ ಬಡಗಿಯ ಪೂರ್ಣ ಶಕ್ತಿ ಎಂಟು ವರ್ಷಕ್ಕಿಂತ ಹೆಚ್ಚು ಬಾಳುವುದಿಲ್ಲ ಅಂತ ಜನ ಅಂದುಕೊಂಡಿದ್ದರು ಅಂತಲೂ ಬರೆದಿದ್ದಾನೆ. ಸಾವಿರಕ್ಕೆ ಇಷ್ಟು ಅನ್ನುವ ಲೆಕ್ಕದಲ್ಲಿ ಬೀಡಿ ಕಟ್ಟಿದ ದಕ್ಷಿಣ ಕನ್ನಡದ ತಾಯಂದಿರ ಬೆರಳು, ಕತ್ತು, ಬೆನ್ನು ನೋಡಿದ ಮಕ್ಕಳು ಗಲ್ಫಿನಲ್ಲಿ ಬಹಳ ಜನ ಇದ್ದಾರೆ. ಅವರಿಗೆ ಆಡಂ ಸ್ಮಿತ್ ಮಾತು ಅರ್ಥವಾಗಲು ಅರ್ಥಶಾಸ್ತ್ರ ಬೇಕಿಲ್ಲ. ವಿರುದ್ಧ ದಿಕ್ಕಿನಲ್ಲಿದ್ದ ಕಾರ್ಲ್ ಮಾರ್ಕ್ಸ್ ಕೂಡ ಕ್ಯಾಪಿಟಲ್ ಪುಸ್ತಕದಲ್ಲಿ ಇದೇ ರಮಾಝಿನಿಯನ್ನು ನೆನೆದಿದ್ದಾನೆ.

ಕೈನೋವಿನ ವಿಷಯದಲ್ಲಿ ಮಾತ್ರ ಪ್ರಪಂಚ ಬಹಳ ನಿಧಾನವಾಗಿ ಎಚ್ಚರವಾಯಿತು. 19ನೇ ಶತಮಾನದಲ್ಲಿ ಬ್ರಿಟಿಷ್ ಗುಮಾಸ್ತರ ಬೆರಳು ಸೆಟೆದುಕೊಳ್ಳತೊಡಗಿದಾಗ ಹೊಸದಾಗಿ ಬಂದ ಉಕ್ಕಿನ ನಿಬ್ಬಿನ ಮೇಲೆ ತಪ್ಪು ಹೊರಿಸಿದರು. ಆಮೇಲೆ ಟೆಲಿಗ್ರಾಫ್ ಬಂತು. ಮೋರ್ಸ್ ಕೀಲಿಯನ್ನು ದಿನಕ್ಕೆ ಸಾವಿರಾರು ಸಲ ಒತ್ತುವವರ ಕೈ ನಿಂತುಹೋಗತೊಡಗಿತು. 1908ರಲ್ಲಿ ಬ್ರಿಟನ್ ಈ ಟೆಲಿಗ್ರಾಫ್ ಕೈಸೆಳೆತವನ್ನು ಪರಿಹಾರಕ್ಕೆ ಅರ್ಹವಾದ ಕಾಯಿಲೆಗಳ ಪಟ್ಟಿಗೆ ಸೇರಿಸಿತು. ರಮಾಝಿನಿ ಬರೆದು ಹೆಚ್ಚುಕಡಿಮೆ ಇನ್ನೂರು ವರ್ಷ ಆಗಿತ್ತು. ಅಷ್ಟಾದರೂ 1911ರಲ್ಲಿ ವಿಚಾರಣೆ ನಡೆಸಿದ ಸರ್ಕಾರಿ ಸಮಿತಿ, ಪದೇಪದೇ ಬರುವ ದಣಿವಿನ ಜೊತೆ ಕೆಲಸಗಾರನ ನರದೌರ್ಬಲ್ಯವೂ ಕಾರಣ ಅಂತ ಸೇರಿಸಿತು. ಅರ್ಧ ತಪ್ಪು ಕೈ ನೋಯಿಸಿಕೊಂಡವನದ್ದೇ ಅಂದಹಾಗೆ. ಮಣಿಕಟ್ಟಿನ ನೋವು ಹೇಳಿಕೊಂಡರೆ ಸೋಮಾರಿ ಅನ್ನುತ್ತಾರೋ, ಕಾಂಟ್ರಾಕ್ಟ್ ಮುಂದುವರಿಸುವುದಿಲ್ಲವೋ ಅಂತ ಹೆದರಿ ಬಾಯಿ ಮುಚ್ಚಿಕೊಳ್ಳುವ ಅಭ್ಯಾಸಕ್ಕೆ ಹಳೆಯ ಬೇರು ಇದೆ.

ರಮಾಝಿನಿ ಹುಟ್ಟಿದ ಕಾರ್ಪಿಯಲ್ಲಿ 1982ರಿಂದ ಅವರ ಹೆಸರಿನ ಅಂತರರಾಷ್ಟ್ರೀಯ ಸಂಸ್ಥೆ ಕೊಲೆಜಿಯುಮ್ ರಮಾಝಿನಿ ಇದೆ. ಕೆಲಸದ ಜಾಗದ ಕಾಯಿಲೆಗಳನ್ನು ಅಧ್ಯಯನ ಮಾಡುವ ವಿಜ್ಞಾನಿಗಳು, ವೈದ್ಯರು ಅಕ್ಟೋಬರ್ ತಿಂಗಳಲ್ಲಿ ಅಲ್ಲಿ ಸೇರುತ್ತಾರೆ.